ಮಗು ಎಷ್ಟು ಸಲ ಉಚ್ಚೆ ಮಾಡಿತು? ಮಳೆಗಾಲದ ಜ್ವರ, ಭೇದಿಯಲ್ಲಿ ನೀರಿನ ಲೆಕ್ಕ

ಕೆಲವು ವರ್ಷದ ಹಿಂದಿನ ಜುಲೈ. ನಮ್ಮ ಮಗಳಿಗೆ ಆಗ ಎರಡೂವರೆ ವರ್ಷ. ನಾಲ್ಕು ದಿನದಿಂದ ಜ್ವರ. ಥರ್ಮಾಮೀಟರ್ ನೋಡಿ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬೆಳಿಗ್ಗೆ ಆರಕ್ಕೆ 102.4, ಹತ್ತಕ್ಕೆ 101, ಹೀಗೆ. ಡಾಕ್ಟರ ಮುಂದೆ ಆ ಪುಸ್ತಕವನ್ನು ಸ್ವಲ್ಪ ಹೆಮ್ಮೆಯಿಂದಲೇ ಬಿಚ್ಚಿದೆ. ಅವರು ಒಮ್ಮೆ ಕಣ್ಣಾಡಿಸಿ, "ಬೆಳಿಗ್ಗೆಯಿಂದ ಎಷ್ಟು ಸಲ ಉಚ್ಚೆ ಮಾಡಿದ್ದಾಳಮ್ಮಾ?" ಅಂದರು. ನನಗೆ ಗೊತ್ತಿರಲಿಲ್ಲ. ಡೈಪರ್ ಹಾಕಿದ್ದೆ, ಲೆಕ್ಕ ಇಟ್ಟಿರಲಿಲ್ಲ. ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಜ್ವರ ಬರೆದಿಟ್ಟಿದ್ದು ಒಳ್ಳೇದೇ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೀರಿ. ಒಳಗೆ ಎಷ್ಟು ನೀರು ಹೋಯ್ತು, ಹೊರಗೆ ಎಷ್ಟು ಬಂತು, ಅದನ್ನೂ ಬರೀರಿ," ಅಂದರು.

ಮಳೆಗಾಲದಲ್ಲಿ ಚಿಕ್ಕ ಮಕ್ಕಳನ್ನು ಹೆಚ್ಚು ಕಾಡುವುದು ಡೆಂಗಿ ಮತ್ತು ಭೇದಿ. ಒಂದು ಸೊಳ್ಳೆಯಿಂದ, ಇನ್ನೊಂದು ಬಾಯಿಯಿಂದ. ನೋಡಲು ಸಂಬಂಧವೇ ಇಲ್ಲ. ಆದರೆ ಎರಡರಲ್ಲೂ ಮಗುವಿನ ಜೀವಕ್ಕೆ ಕುತ್ತು ಬರುವ ದಾರಿ ಒಂದೇ. ರಕ್ತನಾಳದಲ್ಲಿ ಇರಬೇಕಾದ ನೀರು ಅಲ್ಲಿ ಇರುವುದಿಲ್ಲ. ಭೇದಿಯಲ್ಲಿ ಅದು ಹೊರಗೆ ಹೋಗುವುದು ಕಣ್ಣಿಗೆ ಕಾಣುತ್ತದೆ. ಡೆಂಗಿಯಲ್ಲಿ ಕಾಣುವುದಿಲ್ಲ, ಮೈಯೊಳಗೇ ಸೋರುತ್ತದೆ.

ಮಗುವಿಗೆ ಇದು ದೊಡ್ಡವರಿಗಿಂತ ಬೇಗ ತಟ್ಟಲು ಕಾರಣವಿದೆ. ಮಕ್ಕಳಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 80 ಎಂಎಲ್ ರಕ್ತ ಇರುತ್ತದೆ. 10 ಕಿಲೋ ಮಗು ಅಂದರೆ ಮೈಯಲ್ಲಿರುವ ಒಟ್ಟು ರಕ್ತ 800 ಎಂಎಲ್. ಒಂದು ಲೀಟರ್ ಬಾಟಲಿಯೂ ತುಂಬುವುದಿಲ್ಲ. ಅದರಲ್ಲಿ ಒಂದು ಲೋಟದಷ್ಟು ಕಮ್ಮಿಯಾದರೆ ಏನಾಗಬಹುದು ನೋಡಿ.

ಜ್ವರ ಬಿಟ್ಟಿತು ಅಂತ ನಿರಾಳವಾಗುವ ದಿನ

ಡೆಂಗಿಯ ಬಗ್ಗೆ ಅಪ್ಪ ಅಮ್ಮಂದಿರು ಒಂದೇ ಒಂದು ವಿಷಯ ತಿಳಿದಿರಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ: ಜ್ವರ ಜೋರಾಗಿರುವಾಗ ಅಪಾಯ ಕಮ್ಮಿ, ಜ್ವರ ಇಳಿಯುವಾಗ ಜಾಸ್ತಿ.

ಇದು ನಮ್ಮ ಅನುಭವಕ್ಕೆ ಪೂರ್ತಿ ಉಲ್ಟಾ. ಶೀತದ ಜ್ವರ ಇಳಿದರೆ ಮಗು ಹುಷಾರಾದ ಹಾಗೆ. ಸ್ನಾನ ಮಾಡಿಸಿ, ದೃಷ್ಟಿ ತೆಗೆದು, ಮರುದಿನ ಅಂಗನವಾಡಿಗೋ ಪ್ಲೇಸ್ಕೂಲಿಗೋ ಬಿಟ್ಟು ಬರುತ್ತೇವೆ. ಡೆಂಗಿ ಹಾಗಲ್ಲ. ಜೋರು ಜ್ವರ ಎರಡರಿಂದ ಏಳು ದಿನ ಇರುತ್ತದೆ. ಆಮೇಲೆ ಇಳಿಯುತ್ತದೆ. ಜ್ವರ ಶುರುವಾದ ಮೂರನೇ ದಿನದಿಂದ ಏಳನೇ ದಿನದ ನಡುವೆ, ಮೈ ತಣ್ಣಗಾಗುತ್ತಿರುವ ಹೊತ್ತಿಗೇ ಸರಿಯಾಗಿ, ಕೆಲವು ಮಕ್ಕಳಲ್ಲಿ ರಕ್ತನಾಳಗಳು ಸೋರಲು ಶುರುವಾಗುತ್ತವೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ.

ಶ್ರೀಖಂಡ ಮಾಡುವಾಗ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತೇವಲ್ಲ, ಅದನ್ನು ನೆನೆಸಿಕೊಳ್ಳಿ. ನೀರು ತೊಟ್ಟಿಕ್ಕುತ್ತದೆ, ಗಟ್ಟಿ ಮೊಸರು ಬಟ್ಟೆಯಲ್ಲೇ ಉಳಿಯುತ್ತದೆ. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳ ಗೋಡೆ ಆ ಬಟ್ಟೆಯ ಹಾಗಾಗುತ್ತದೆ. ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಜಿನುಗುತ್ತದೆ. ಕೆಂಪು ಕಣಗಳು ಒಳಗೇ ಉಳಿಯುವುದರಿಂದ ರಕ್ತ ಗಟ್ಟಿಯಾಗುತ್ತದೆ. ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇರುವುದು ಈ ಗಟ್ಟಿತನದ ಅಳತೆ. ಅದು ಏರುತ್ತಿದ್ದರೆ ಸೋರಿಕೆ ನಡೆಯುತ್ತಿದೆ ಎಂದು ಅರ್ಥ.

ಆದರೆ ನಾವು ನೋಡುವುದು ಪ್ಲೇಟ್‌ಲೆಟ್ಟನ್ನು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು. ಮನೆಗೆ ಬಂದವರು, ಫೋನ್ ಮಾಡಿದವರು ಎಲ್ಲರದೂ ಅದೇ ಪ್ರಶ್ನೆ, "ಪ್ಲೇಟ್‌ಲೆಟ್ ಎಷ್ಟಿದೆ?" ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಪ್ಲೇಟ್‌ಲೆಟ್ ಬೀಳುವುದು ಡೆಂಗಿಯ ಒಂದು ಗುರುತು ಹೌದು, ಕಾಯಿಲೆ ತಿರುಗುತ್ತಿದೆ ಎಂಬ ಸುಳಿವೂ ಹೌದು. ಆದರೆ ಸಂಖ್ಯೆ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ರಕ್ತಸ್ರಾವ ಇದ್ದರೆ, ಇಲ್ಲವೇ 10,000ಕ್ಕಿಂತ ಕೆಳಗೆ ಹೋದರೆ ಅದರ ಮಾತು ಬರುತ್ತದೆ. ಎಷ್ಟೋ ಮಕ್ಕಳಲ್ಲಿ 40,000ಕ್ಕೆ ಬಿದ್ದು ತಾನಾಗಿಯೇ ಏರುತ್ತದೆ. 90,000 ಇದ್ದೂ ನೀರು ಸೋರಿ, ರಕ್ತದೊತ್ತಡ ಕುಸಿದು ಶಾಕ್‌ಗೆ ಹೋಗುವ ಮಗುವೂ ಇರುತ್ತದೆ. ಮಳೆಗಾಲ ಬಂತೆಂದರೆ ಕಿವಿ ಹಣ್ಣಿಗೆ ಏಕೆ ಅಷ್ಟು ಡಿಮ್ಯಾಂಡು ಅಂತ ನಿಮಗೂ ಗೊತ್ತಿದೆ. ತಿಂದರೆ ತಪ್ಪೇನಿಲ್ಲ. ಪಪಾಯ ಎಲೆ ರಸದ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಆ ಕಹಿಯನ್ನು ಎರಡು ವರ್ಷದ ಮಗುವಿನ ಬಾಯಿಗೆ ಹುಯ್ದರೆ ಅದು ವಾಂತಿ ಮಾಡುತ್ತದೆ. ಕಷ್ಟಪಟ್ಟು ಕುಡಿಸಿದ ಗಂಜಿಯೂ ಅದರ ಜೊತೆ ಹೊರಗೆ.

ಹಾಗಾದರೆ ಮನೆಯಲ್ಲಿ ನೋಡಬೇಕಾದ್ದು ಏನು? ಜ್ವರ ಇಳಿದ ಎರಡು ದಿನ ಮಗು ಹೇಗಿದೆ ಎಂಬುದು. ಜ್ವರ ಬಿಟ್ಟ ಮೇಲೆ ಆಟಕ್ಕೆ ಇಳಿದು, ಹಸಿವು ಅಂದರೆ ಸರಿ. ಜ್ವರ ಬಿಟ್ಟೂ ಸುಸ್ತು ಜಾಸ್ತಿಯಾದರೆ, ಹೊಟ್ಟೆ ನೋವು ಅಂತ ಮುದುರಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ವಸಡು ಅಥವಾ ಮೂಗಿನಲ್ಲಿ ರಕ್ತ ಬಂದರೆ, ಕಕ್ಕ ಕಪ್ಪಗಾದರೆ ತಡ ಮಾಡಬೇಡಿ. ಸುಮ್ನೆ ರಚ್ಚೆ ಹಿಡಿದು ಯಾರಿಗೂ ಸಮಾಧಾನ ಆಗದಿದ್ದರೂ ಅಷ್ಟೇ, ಬಿಡದೆ ಮಲಗಿಯೇ ಇದ್ದರೂ ಅಷ್ಟೇ. ಕೈಕಾಲು ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮೈ ತನ್ನಲ್ಲಿ ಉಳಿದ ನೀರನ್ನು ಮುಖ್ಯ ಅಂಗಗಳಿಗೆ ಎಳೆದುಕೊಳ್ಳುತ್ತಿದೆ ಎಂದು ಅರ್ಥ. ಬೆರಳಿನ ಉಗುರನ್ನು ಒತ್ತಿ ಹಿಡಿದು ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಆರು ತಾಸು ಕಳೆದರೂ ಉಚ್ಚೆಯೇ ಇಲ್ಲ ಎಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಹೊರಡಿ. ಗಾಡಿ ಇಲ್ಲದಿದ್ದರೆ 108 ಇದೆ.

ಡೈಪರ್ ವಿಷಯ ಹೇಳಿಬಿಡುತ್ತೇನೆ. ಈಗಿನ ಡೈಪರ್ ಎಷ್ಟು ಹೀರುತ್ತದೆ ಅಂದರೆ ಎರಡು ಸಲವೋ ನಾಲ್ಕು ಸಲವೋ ಗೊತ್ತಾಗುವುದಿಲ್ಲ. ಭೇದಿ ಇದ್ದರೆ ಅದು ಯಾವುದು ಇದು ಯಾವುದು ಎಂದೂ ತಿಳಿಯುವುದಿಲ್ಲ. ಜ್ವರದ ದಿನಗಳಲ್ಲಿ ಹಗಲಾದರೂ ಹಳೇ ಪಂಚೆ ಹರಿದು ಲಂಗೋಟಿ ಕಟ್ಟಿ. ಒಗೆಯೋದು ಕಷ್ಟ, ಗೊತ್ತು.

ಡೆಂಗಿ ಮಗುವಿಗೆ ಬರೀ ನೀರು ಸಾಲದು. ಓಆರ್‌ಎಸ್ (ಉಪ್ಪು, ಸಕ್ಕರೆಯ ಪುಡಿ ಬೆರೆಸಿದ ನೀರು), ಎಳನೀರು, ಉಪ್ಪು ಹಾಕಿದ ಗಂಜಿ, ತಿಳಿಸಾರು, ಮಜ್ಜಿಗೆ, ಮಗು ಯಾವುದಕ್ಕೆ ಬಾಯಿ ತೆರೆಯುತ್ತದೋ ಅದನ್ನು ಸ್ವಲ್ಪ ಸ್ವಲ್ಪ ಕೊಡುತ್ತಿರಬೇಕು. ಏನೂ ಒಳಗೆ ನಿಲ್ಲುತ್ತಿಲ್ಲ ಎಂದಾದರೆ ಡ್ರಿಪ್ ಬೇಕಾಗುತ್ತದೆ. ಅದನ್ನೂ ಅಳೆದು ಹಾಕುತ್ತಾರೆ, ಯಾಕೆಂದರೆ ಸೋರಿದ ನೀರು ಎರಡು ದಿನದ ಮೇಲೆ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಆ ಹೊತ್ತಿಗೆ ಡ್ರಿಪ್ ಜಾಸ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. "ಇನ್ನೊಂದು ಬಾಟಲ್ ಹಾಕಿ ಡಾಕ್ಟ್ರೇ, ಶಕ್ತಿ ಬರಲಿ" ಎಂದು ಒತ್ತಾಯ ಮಾಡುವವರು ಇದನ್ನು ತಿಳಿದಿರಲಿ.

ಟೆಸ್ಟಿನ ಬಗ್ಗೆ ಎರಡೇ ಮಾತು. ಎನ್‌ಎಸ್1, ಅಂದರೆ ರಕ್ತದಲ್ಲಿ ಡೆಂಗಿ ವೈರಸ್ಸಿನ ಗುರುತು ಹುಡುಕುವ ಟೆಸ್ಟ್, ಮೊದಲ ಐದು ದಿನ ಕೆಲಸಕ್ಕೆ ಬರುತ್ತದೆ. ಐಜಿಎಂ, ಅಂದರೆ ವೈರಸ್ ವಿರುದ್ಧ ಮೈ ಮಾಡಿಕೊಳ್ಳುವ ಪ್ರತಿಕಾಯದ ಟೆಸ್ಟ್, ಐದನೇ ದಿನದ ನಂತರ. ಎನ್‌ಎಸ್1 ನೆಗೆಟಿವ್ ಬಂದರೂ ಡೆಂಗಿ ಇರಬಹುದು, ಹಾಗಾಗಿ ರಿಪೋರ್ಟ್ ಹಿಡಿದು ನಿಶ್ಚಿಂತರಾಗಬೇಡಿ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದೇ ಬಗೆ ಮತ್ತೆ ಬರುವುದಿಲ್ಲ, ಆದರೆ ಬೇರೆ ಬಗೆ ಬಂದಾಗ ಕಾಯಿಲೆ ಜೋರಾಗುವ ಸಾಧ್ಯತೆ ಹೆಚ್ಚು. ಹಳೇ ಪ್ರತಿಕಾಯಗಳು ಹೊಸ ಬಗೆಯನ್ನು ಹಿಡಿಯುತ್ತವೆ, ಕೊಲ್ಲಲಾಗುವುದಿಲ್ಲ. ಹಿಡಿದುಕೊಂಡೇ ಜೀವಕೋಶದ ಒಳಗೆ ಬಿಟ್ಟುಬಿಡುತ್ತವೆ. ಒಂದು ವರ್ಷದೊಳಗಿನ ಕೂಸುಗಳಿಗೆ ತಾಯಿಯಿಂದ ಬಂದ ಪ್ರತಿಕಾಯಗಳೇ ಹೀಗೆ ತಿರುಗಿಬೀಳುವುದುಂಟು.

ಉಪ್ಪು, ಸಕ್ಕರೆ, ದಂಪತಿ ಪೂಜೆ

ಈಗ ಭೇದಿ. ನಮ್ಮ ಕಡೆ ಎಂಟು ತಿಂಗಳ ಮಗುವಿಗೆ ಭೇದಿಯಾದರೆ "ಹಲ್ಲು ಬರ್ತಿದೆ, ಅದಕ್ಕೆ" ಎನ್ನುತ್ತಾರೆ. ಹಲ್ಲಿಗೂ ಭೇದಿಗೂ ಸಂಬಂಧವಿಲ್ಲ. ಹಲ್ಲು ಬರುವ ವಯಸ್ಸಿನಲ್ಲೇ ಮಗು ಅಂಬೆಗಾಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಚಪ್ಪಲಿಯೂ ಅದರಲ್ಲಿ ಸೇರಿತು. ಅಷ್ಟೇ ಕಥೆ.

ಆದರೆ ಹಿರಿಯರ ಇನ್ನೊಂದು ಮಾತು ಸರಿ. "ನೆತ್ತಿ ಗುಳಿ ಬಿದ್ದಿದೆ" ಎಂದು ಅಜ್ಜಿ ಗಾಬರಿಯಾಗುತ್ತಾರಲ್ಲ, ಅದು ಕೂಸಿನ ಮೈಯಲ್ಲಿ ನೀರು ಕಮ್ಮಿಯಾಗಿದೆ ಎನ್ನುವುದಕ್ಕೆ ಡಾಕ್ಟರೂ ನೋಡುವ ಗುರುತು. ಕಣ್ಣು ಒಳಗೆ ಹೋಗುವುದು, ಅತ್ತರೆ ಕಣ್ಣೀರು ಬಾರದಿರುವುದು, ಬಾಯಿ ಒಣಗುವುದು, ಹೊಟ್ಟೆಯ ಚರ್ಮ ಹಿಡಿದೆತ್ತಿ ಬಿಟ್ಟರೆ ನಿಧಾನಕ್ಕೆ ಕೂರುವುದು, ಇವೂ ಅದೇ ಸಾಲಿನವು. ಅಜ್ಜಿ ಕಂಡುಹಿಡಿದದ್ದು ಸರಿ, ನೆತ್ತಿಗೆ ಹರಳೆಣ್ಣೆ ಹಾಕಿದ್ದರಿಂದ ಮಾತ್ರ ನೀರು ತುಂಬುವುದಿಲ್ಲ. ಬಾಯಿಂದ ಹೋಗಬೇಕು.

ಭೇದಿಯಾಗುವ ಮಗುವಿಗೆ ನೀರು ಕುಡಿಸಿದರೆ ಅದೂ ಹಾಗೇ ಹರಿದುಹೋಗುತ್ತದಲ್ಲ, ಮತ್ತೆ ಕುಡಿಸಿ ಏನು ಪ್ರಯೋಜನ? ಇದು ನ್ಯಾಯವಾದ ಪ್ರಶ್ನೆ. ಓಆರ್‌ಎಸ್ ಕೆಲಸ ಮಾಡುವುದೇ ಇಲ್ಲಿ. ಸಣ್ಣ ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ. ಭೇದಿಯಲ್ಲಿ ಬೇರೆ ದಾರಿಗಳು ಕೆಟ್ಟರೂ ಈ ಬಾಗಿಲು ಸಾಮಾನ್ಯವಾಗಿ ತೆರೆದಿರುತ್ತದೆ. ಆದರೆ ಅದರದ್ದೊಂದು ನಿಯಮ: ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಒಳಗೆ. ದಂಪತಿ ಪೂಜೆಗೆ ಇಬ್ಬರೂ ಒಟ್ಟಿಗೆ ಕೂರಬೇಕು ಅಂತ ಭಟ್ಟರು ಹೇಳುವ ಹಾಗೆ, ಒಬ್ಬರೇ ಬಂದರೆ ನಡೆಯಲ್ಲ. ಇಬ್ಬರೂ ಒಳಗೆ ಹೋದರೆ ಅವರ ಹಿಂದೆ ನೀರು ತಾನಾಗಿ ಹೋಗುತ್ತದೆ.

ಸಕ್ಕರೆ ಜಾಸ್ತಿಯಾದರೆ ಲೆಕ್ಕ ತಿರುಗಾಮುರುಗಾ. ಬಾಗಿಲಿನಲ್ಲಿ ಹಿಡಿಸದ ಸಕ್ಕರೆ ಕರುಳಿನಲ್ಲೇ ಉಳಿದು ಮೈಯಿಂದ ನೀರನ್ನು ತನ್ನ ಕಡೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ. ಹಾಗಾಗಿ ಅಳತೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಒಟ್ಟು 20.5 ಗ್ರಾಂ.

ಈ ಪುಡಿ ಏನು ಮಾಡಬಲ್ಲದು ಎಂದು ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ದೇಶದ ಡಾಕ್ಟರೊಬ್ಬರು ದೊಡ್ಡ ಹೆಸರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ಸೇರಿದಾಗ ಕಾಲರಾ ಹಬ್ಬಿತು. ಡ್ರಿಪ್ ಮುಗಿದುಹೋಗುತ್ತಿತ್ತು. ದಿಲೀಪ್ ಮಹಲಾನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿದರು. 30 ಪ್ರತಿಶತದ ಹತ್ತಿರ ಇದ್ದ ಸಾವು 4 ಪ್ರತಿಶತಕ್ಕಿಂತ ಕೆಳಗೆ ಬಂತು. ಅವರಿಗೆ ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಅಂಥ ಪುಡಿಯ ಹೆಸರು ಹಾಕಿಕೊಂಡು ಸಿಹಿ ಪಾನೀಯಗಳು ಎಷ್ಟೋ ವರ್ಷ ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಾರಾಟವಾದವು. ಚೆಂದದ ಟೆಟ್ರಾ ಪ್ಯಾಕು, ಮೇಲೆ ದೊಡ್ಡದಾಗಿ ಓಆರ್‌ಎಸ್ ಅಂತ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ, ಸೂತ್ರದಂತೆ ಇಲ್ಲದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಇರಕೂಡದು ಎಂದು ಆದೇಶ ಹೊರಡಿಸಿತು. ನೀವು ಕೊಳ್ಳುವಾಗ ಪ್ಯಾಕೆಟ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ. ಸೇಬಿನ ಚಿತ್ರ ಇದ್ದರೆ ವಾಪಸ್ ಕೊಡಿ. ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರ ಕೊಡುವ ಪುಕ್ಕಟೆ ಪ್ಯಾಕೆಟ್ ಇದಕ್ಕಿಂತ ಎಷ್ಟೋ ವಾಸಿ.

ಬೆರೆಸುವಾಗ ಮೋಸ ಹೋಗುವುದು ಇಲ್ಲಿ: ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಹಾಕುವುದೂ ಬೇಡ. ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, ಹಾಲು ಜ್ಯೂಸು ಬೆರೆಸದೆ, 24 ಗಂಟೆಯಲ್ಲಿ ಮುಗಿಸಿ. ಉಳಿದದ್ದು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200. ಲೋಟ ಬಾಯಿಗೆ ಹಿಡಿದರೆ ಗಟಗಟ ಕುಡಿದು ವಾಂತಿ ಮಾಡುತ್ತದೆ. ಚಮಚೆಯಲ್ಲಿ, ನಿಮಿಷಕ್ಕೊಂದರಂತೆ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ತಾಳ್ಮೆಯ ಕೆಲಸ. ನಾನು ಅಳಿಗುಳಿ ಮಣೆ ಇಟ್ಟುಕೊಂಡು, ಒಂದು ಚಮಚೆಗೆ ಒಂದು ಹುಣಸೆ ಬೀಜ ಹಾಕುತ್ತಿದ್ದೆ. ಲೆಕ್ಕವೂ ಸಿಕ್ಕಿತು, ಮಗುವಿಗೂ ಆಟವಾಯಿತು.

ಜೊತೆಗೆ ಸತು, ಅಂದರೆ ಜಿಂಕ್. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನ ಕೂಸಿಗೆ 10, ಹದಿನಾಲ್ಕು ದಿನ. ಭೇದಿ ಮೂರನೇ ದಿನ ನಿಂತರೂ ಹದಿನಾಲ್ಕು ದಿನ ಮುಗಿಸಬೇಕು. ಊಟ ನಿಲ್ಲಿಸಬೇಡಿ, ಎದೆಹಾಲು ನಿಲ್ಲಿಸಲೇಬೇಡಿ. ಕಕ್ಕದಲ್ಲಿ ರಕ್ತ ಕಂಡರೆ, ಮಗು ಕುಡಿಯಲೂ ಆಗದಷ್ಟು ಮಂಕಾದರೆ ಮನೆಮದ್ದಿನ ಹೊತ್ತಲ್ಲ. ಮಗುವಿಗೆ 6, 10, 14 ವಾರಕ್ಕೆ ರೋಟಾವೈರಸ್ ಲಸಿಕೆಯ ಹನಿ ಬಿದ್ದಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ.

ಔಷಧಿ ಅಳೆಯುವ ಫಿಲ್ಲರ್‌ನಲ್ಲಿ ಆಗುವ ತಪ್ಪು

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ನಾಲ್ಕರಿಂದ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ತೊಂದರೆ ಇರುವುದು ಬಾಟಲಿಯಲ್ಲಿ. ಡ್ರಾಪ್ಸ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125, ಇನ್ನೊಂದರಲ್ಲಿ 5 ಎಂಎಲ್‌ಗೆ 250. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಕೊಡಬೇಕೆಂದರೆ ಡ್ರಾಪ್ಸ್ ಒಂದೂವರೆ ಎಂಎಲ್, ಗಟ್ಟಿ ಸಿರಪ್ ಮೂರು ಎಂಎಲ್, ತೆಳು ಸಿರಪ್ ಆರು ಎಂಎಲ್. ಡಾಕ್ಟರು ಸಿರಪ್ ಆರು ಎಂಎಲ್ ಎಂದಿದ್ದನ್ನು ಡ್ರಾಪ್ಸ್‌ನಲ್ಲಿ ಆರು ಎಂಎಲ್ ಕೊಟ್ಟರೆ ನಾಲ್ಕು ಪಟ್ಟು ಹೋಯಿತು. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇಟ್ಟುಕೊಳ್ಳುವುದು ಕ್ಷೇಮ.

ಮಳೆಗಾಲದ ಜ್ವರಕ್ಕೆ ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಬೇಡ. ಡೆಂಗಿ ಆಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. "ಜ್ವರ ತಟ್ಟಂತ ಇಳಿಯುತ್ತೆ" ಎಂದು ಅಂಗಡಿಯಲ್ಲಿ ಕೊಡುವ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಮೆಫೆನಾಮಿಕ್ ಸೇರಿರುವುದುಂಟು, ಲೇಬಲ್ ಓದಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಯಾವ ಹನಿಯನ್ನೂ ಹಾಕದೆ ನೇರ ಆಸ್ಪತ್ರೆಗೆ.

ಕೆಮ್ಮಿನ ಸಿರಪ್ ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದ ಪುಟ್ಟ ಮಕ್ಕಳ ಕಿಡ್ನಿ ಹೋಗಿ ಜೀವ ಹೋಯಿತು. ಆಗ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದ್ದು, ಎರಡು ವರ್ಷದೊಳಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು. ಕರ್ಪೂರ ಕಾಯಿಸಿದ ಎಣ್ಣೆಯೂ ಕೂಸಿನ ಮೂಗಿಗೆ, ಎದೆಗೆ ಬೇಡ. ಕರ್ಪೂರದಿಂದ ಫಿಟ್ಸ್ ಬರಬಹುದು. ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಅತ್ತೆಯವರಿಗೆ ಇದನ್ನು ಹೇಳುವ ಕೆಲಸ ಮಗನದ್ದು, ಸೊಸೆಯದ್ದಲ್ಲ.

ಫ್ರಿಜ್ಜಿನ ಹಿಂದೆ

ಡೆಂಗಿ ಸೊಳ್ಳೆ ಚರಂಡಿಯದ್ದಲ್ಲ, ನಮ್ಮ ಮನೆಯದ್ದು. ಈಡಿಸ್ ಸೊಳ್ಳೆಗೆ ತಿಳಿನೀರು ಬೇಕು. ಮನಿ ಪ್ಲಾಂಟಿನ ಬಾಟಲಿ, ಹಿತ್ತಲಿನ ಒರಳುಕಲ್ಲು, ಕುಡಿದೆಸೆದ ಎಳನೀರು ಬುರುಡೆ, ಫ್ರಿಜ್ಜಿನ ಹಿಂದೆ ಇರುವ ಟ್ರೇ. ಆ ಟ್ರೇ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಇದು ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಅಂದರೆ ಸೊಳ್ಳೆಪರದೆ ಬೇಕಾದ್ದು ಮಗುವಿನ ಹಗಲು ನಿದ್ದೆಗೂ.

2024ರಲ್ಲಿ ಸೆಪ್ಟೆಂಬರ್ ಹೊತ್ತಿಗೆ ರಾಜ್ಯದಲ್ಲಿ ಡೆಂಗಿ 25 ಸಾವಿರ ದಾಟಿದಾಗ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಂಡಕ್ಕಿಂತ ಸೊಳ್ಳೆಯ ಲೆಕ್ಕ ತಿಳಿದರೆ ಒಳ್ಳೇದು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು ಇದಕ್ಕೇ. ಖಾಲಿ ಮಾಡಿದರಷ್ಟೇ ಸಾಲದು, ಉಜ್ಜಬೇಕು. ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ.

ಉಜ್ಜಿದ ಬಕೆಟ್ಟನ್ನು ಬೋರಲು ಹಾಕಿ. ಇದು ಸೊಳ್ಳೆಗಷ್ಟೇ ಅಲ್ಲ. ನಡೆಯಲು ಕಲಿತ ಮಗುವಿಗೆ ಮೈಯ ಅಳತೆಗೆ ತಲೆಯ ಭಾರ ಜಾಸ್ತಿ. ಬಕೆಟ್ಟಿನೊಳಗೆ ಇಣುಕಿದರೆ ತಲೆ ಕೆಳಗಾಗಿ ಬೀಳುತ್ತದೆ, ಎತ್ತಿಕೊಳ್ಳಲು ಕೈಯಲ್ಲಿ ಬಲವಿರುವುದಿಲ್ಲ. ಕಿರುಚಲೂ ಆಗುವುದಿಲ್ಲ. ಮೂಗು ಬಾಯಿ ಮುಳುಗುವಷ್ಟು ನೀರಿದ್ದರೆ ಸಾಕು, ಎರಡು ಮೂರು ನಿಮಿಷ ಸಾಕು. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ತಗಡಿನ ಮೇಲೆ ಕಲ್ಲಿಟ್ಟರೆ ಬೀಗವಲ್ಲ.

ನಮ್ಮಲ್ಲಿ ನೀರು ಬಿಡುವುದು ನಾಲ್ಕು ದಿನಕ್ಕೊಮ್ಮೆ, ಡ್ರಮ್ಮು ಬೋರಲು ಹಾಕಿದರೆ ಕುಡಿಯುವುದೇನು ಎಂದು ನೀವು ಕೇಳಬಹುದು. ನಮ್ಮ ಮನೆಯದೂ ಅದೇ ಪಾಡು. ಹಳೇ ಕಾಟನ್ ಸೀರೆಯನ್ನು ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಹೊದಿಸಿ, ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಕಟ್ಟಿ, ಮೇಲೆ ಮುಚ್ಚಳ ಹಾಕುತ್ತೇವೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಸುಮ್ನೆ ಕೊಡುತ್ತಾರೆ.